ಅರ್ಧ ಗಜ ಕಡಿಮೆ ಬಿದ್ದ ಹಾಯಿ

ಹಾಯಿಗೆ ಅರ್ಧ ಗಜ ಬಟ್ಟೆ ಕಡಿಮೆ ಬಿತ್ತು. ಸಿಂಪಿಗೇರ ರೇವಣಪ್ಪನ ಆ ದಿನದ ದುರ್ದೆಸೆಗೆಲ್ಲ ಮೂಲ ಅಷ್ಟೇ.

ಎಪ್ಪತ್ನಾಲ್ಕರ ಭಾದ್ರಪದ. ಮೋಡ ಮಾಳಿಗೆಗೆ ತಾಗುವಷ್ಟು ಕೆಳಗಿಳಿದಿತ್ತು. ರೇವಣಪ್ಪ ಹೊಲಿಗೆ ಅಂಗಡಿಯ ಬಾಗಿಲು ಅರ್ಧ ಮುಚ್ಚಿಕೊಂಡು, ಹಾಯಿಯನ್ನು ನೆಲದ ಮೇಲೆ ಹರವಿ, ಗಜಕೋಲಿನಿಂದ ಮೂರು ಸಲ ಅಳೆದ. ಮೂರು ಸಲವೂ ಅಷ್ಟೇ ಕಡಿಮೆ. ಕೆಳಗಿನ ಮೂಲೆಯ ತೂತು ಹಲ್ಲಿಲ್ಲದ ಮುದುಕನ ಬಾಯಿಯಂತೆ ಅವನನ್ನು ನೋಡಿ ನಗುತ್ತಿತ್ತು.

ಆ ಹಾಯಿ ಎಂಟು ವರ್ಷದ ಕೂಡಿಕೆ. ಅಂಗಿ, ಕುಪ್ಪಸ, ಲಂಗ ಕತ್ತರಿಸಿ ಉಳಿದ ತುಂಡುಗಳನ್ನೆಲ್ಲ ಸೇರಿಸಿ ಹೊಲಿದದ್ದು. ಉಳಿದ ತುಂಡು ಹೊಲಿಯುವವನದು ಎಂಬುದನ್ನು ಊರು ಒಪ್ಪಿಕೊಂಡಿತ್ತು. ಆದರೆ ಆ ತುಂಡು ಎಷ್ಟು ದೊಡ್ಡದಿರಬೇಕೆಂಬ ವಿಷಯದಲ್ಲಿ ಊರಿಗೂ ರೇವಣಪ್ಪನಿಗೂ ಭಿನ್ನಾಭಿಪ್ರಾಯವಿತ್ತು. ಅದು ಊರಿಗೆ ಇನ್ನೂ ಗೊತ್ತಿರಲಿಲ್ಲ.

ಮುದ್ದೇಬಿಹಾಳದ ಬಸ್ಸು ಹೊಳೆಯ ದಂಡೆಯಲ್ಲಿ ತಿರುಗಿಕೊಂಡು ವಾಪಸು ಹೋಗುವ ಆ ಊರಿನಲ್ಲಿ ಹಾಯಿ ಎಂದರೇನೆಂದು ಕಂಡವರೇ ಇಲ್ಲ. ಅಲ್ಲಿ ಕೃಷ್ಣೆಯನ್ನು ದಾಟಲು ಇರುವುದು ಚರ್ಮದ ಹರಿಗೋಲು. ರೇವಣಪ್ಪ ಮಾತ್ರ ಹದಿನೆಂಟನೆಯ ವಯಸ್ಸಿಗೆ ಮನೆಯಲ್ಲಿ ಜಗಳಾಡಿ ಕುಮಟಾದ ಕಡೆಗೆ ಓಡಿಹೋಗಿ, ಹಾಯಿ ಹೊಲಿಯುವ ಮುದುಕನೊಬ್ಬನ ಕೈಕೆಳಗೆ ಆರು ವರ್ಷ ದುಡಿದಿದ್ದ. ನದಿ ಸಮುದ್ರ ಸೇರುವ ಜಾಗದಲ್ಲಿ ಉಪ್ಪುನೀರಿನ ಸೀಳುಗಳು ಗದ್ದೆಗಳ ನಡುವೆ ಸುತ್ತಿ ಸುತ್ತಿ ಹೋಗುತ್ತಿದ್ದವು. ರಜೆಯ ದಿನ ಮುದುಕನ ಪುಟ್ಟ ಹಾಯಿದೋಣಿ ಹತ್ತಿ, ಎಲ್ಲಿಗೂ ಹೋಗಬೇಕಾಗಿಲ್ಲದವನಂತೆ ಆ ಸೀಳುಗಳಲ್ಲಿ ಅಲೆಯುವುದು. ಅವನ ಬದುಕಿನ ಸುಖವೆಲ್ಲ ಆ ಆರು ವರ್ಷಗಳಲ್ಲೇ ಮುಗಿದಿತ್ತು. ಅಪ್ಪ ಸತ್ತರೆಂದು ತಾರು ಬಂತು. ಬಂದವನನ್ನು ಹೊಲಿಗೆಯಂತ್ರ ಹಿಡಿದುಕೊಂಡು ಬಿಡಲೇ ಇಲ್ಲ.

ಮಳೆಗಾಲದಲ್ಲಿ ಹೊಳೆ ತುಂಬಿದಾಗ ನೀರು ಹಿಂದಕ್ಕೆ ಹೊರಳಿ ಹಳ್ಳದೊಳಗೆ ನುಗ್ಗುತ್ತಿತ್ತು. ಎರೆಹೊಲಗಳ ಕೊರಕಲುಗಳಲ್ಲೆಲ್ಲ ಕೈ ಚಾಚಿಕೊಂಡು ಎರಡು ತಿಂಗಳು ನಿಂತಿರುತ್ತಿತ್ತು. ನೋಡಿದರೆ ಥೇಟು ಕುಮಟಾ. ಈ ವರ್ಷ ಅದರಲ್ಲಿ ಹಾಯಿದೋಣಿ ಬಿಡಲೇಬೇಕೆಂದು ರೇವಣಪ್ಪ ಹಟ ಹಿಡಿದ. ಬಸವನ ಬಾಗೇವಾಡಿಯ ಬಡಿಗನೊಬ್ಬ, ಇವನು ಸೀಮೆಸುಣ್ಣದಲ್ಲಿ ಬರೆದು ತೋರಿಸಿದಂತೆ ದೋಣಿ ಮಾಡಿಕೊಟ್ಟಿದ್ದ. ಮಾಡಿ ಮುಗಿಸಿದ ಮೇಲೂ ಅದು ದನಕ್ಕೆ ನೀರು ಕುಡಿಸುವ ಬಾನಿ ಎಂದೇ ಆ ಬಡಿಗ ನಂಬಿದ್ದ.

ರೇವಣಪ್ಪ ಸುತ್ತಮುತ್ತ ನೋಡಿದ. ಗಿರಾಕಿಗಳ ಬಟ್ಟೆಯ ಗಂಟುಗಳ ಮೇಲೆ ಚಂದವ್ವನ ಕೆಂಪು ಕುಪ್ಪಸದ ಖಣ ಎರಡು ಮಡಚಿ ಕುಳಿತಿದ್ದವು. ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆಂದು ಹೊಲಿಯಲು ಕೊಟ್ಟದ್ದು. ‘ಬರುವ ಸಂತೆಯಲ್ಲಿ ಇಂಥದೇ ತಂದಿಟ್ಟರಾಯಿತು’ ಎಂದುಕೊಂಡು, ಮನಸ್ಸು ಬದಲಾಗುವ ಮೊದಲೇ ಒಂದು ಖಣವನ್ನು ತೂತಿಗೆ ಇಟ್ಟು ಹೊಲಿದುಬಿಟ್ಟ.

ಹೊತ್ತು ಮಾರುದ್ದ ಏರುವಷ್ಟರಲ್ಲಿ ದೋಣಿ ಹಳ್ಳದ ಬಾಯಲ್ಲಿತ್ತು. ಹಾಯಿ ಏರಿತು. ಪಡುವಣ ಗಾಳಿ ಅದರೊಳಗೆ ಮುಖವಿಟ್ಟಿತು. ದೋಣಿ ಒಮ್ಮೆ ಕೆಮ್ಮಿದಂತೆ ಅಲುಗಿ, ಸದ್ದಿಲ್ಲದೆ ಹೊರಟಿತು.

ನೀರಿನಲ್ಲಿ ಮುಳುಗಿದ ಜಾಲಿಗಿಡ, ಅದರ ತುದಿಯಲ್ಲಿ ಮಿಂಚುಳ್ಳಿ, ಜೋಳದ ಹೊಲದ ಬದುವಿಗೆ ನಾಲಿಗೆ ಹಚ್ಚಿದ ಕೆಂಪು ನೀರು. ಒಂದೊಂದನ್ನೂ ರೇವಣಪ್ಪ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ, ನಾಳೆ ಯಾರೋ ಇದರ ಮೇಲೆ ಪ್ರಶ್ನೆ ಕೇಳುತ್ತಾರೇನೋ ಎಂಬಂತೆ. ಮೊದಲನೆಯ ಸೀಳು ದಾಟಿ ಎರಡನೆಯದಕ್ಕೆ ಹೊರಳಿದ. ಅಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು.

ಊರಿನ ಹೆಂಗಸರು ಹಾಯಿಯನ್ನು ಮೊದಲ ಸಲ ನೋಡಿದರು. ನೋಡಿದ್ದು ಹಾಯಿಯನ್ನಲ್ಲ, ಬಟ್ಟೆಯನ್ನು.

“ಅಯ್ಯಯ್ಯ! ಅದು ನನ್ನ ಖಣ ಅಲ್ಲೇನ?” ಚಂದವ್ವ ಎದ್ದು ನಿಂತಳು. “ಏ ರೇವಣ್ಣಾ, ನಿಂದ್ರಪಾ! ನನ್ನ ಮಗಳ ಖಣ ಕೋಲಿಗಿ ಕಟ್ಟಿ ಎಲ್ಲಿಗಿ ಹೊಂಟಿ?”

ರೇವಣಪ್ಪ ನಿಲ್ಲಿಸಬಹುದಿತ್ತು. ಆದರೆ ಹೆದರಿದವನ ಕೈ ಹಗ್ಗವನ್ನು ಇನ್ನಷ್ಟು ಬಿಗಿ ಹಿಡಿಯಿತು. ಹಾಯಿ ಇನ್ನಷ್ಟು ಉಬ್ಬಿತು. ಉಬ್ಬಿದ ಮೇಲೆ ಎಂಟು ವರ್ಷದ ತುಂಡುಗಳೆಲ್ಲ ಒಂದೊಂದಾಗಿ ಮೈ ಬಿಚ್ಚಿ ಕಂಡವು.

“ಆ ನೀಲಿ ಗೀರಿಂದು ನಮ್ಮ ಮನಿಯವರ ಅಂಗಿ ಬಟ್ಟಿ!” ಬಳೆ ಮಾರುವ ಶಮಶಾದಬಿ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು ಕೂಗಿದಳು. “ರಂಜಾನ ಹಬ್ಬಕ್ಕ ಹೊಲಿಸಿದ್ದು. ತೋಳು ಗಿಡ್ಡ ಆತು ಅಂದ್ರ, ಬಟ್ಟಿ ನೀರಾಗ ಕುಗ್ಗೈತಿ ಅಂದಿದ್ದಿ! ಅವರು ಸಾಯೂತನಾ ಆ ಗಿಡ್ಡ ತೋಳನ ಜಗ್ಗಿಕೊಂಡು ಅಡ್ಡಾಡಿದ್ರಲ್ಲೋ!”

ದಂಡೆಯ ಮೇಲೆ ಜನ ಸೇರಿತು. ನಿವೃತ್ತ ಹವಾಲ್ದಾರ ಶಮಶುದ್ದೀನ ಕೋಲು ಊರಿಕೊಂಡು ಬಂದ. ಅವನ ಪ್ಯಾಂಟು ಕಣಕಾಲಿನಿಂದ ಗೇಣುದ್ದ ಮೇಲೆ ನಿಂತಿತ್ತು. ಹಾಯಿಯ ಮೇಲ್ತುದಿಯ ಖಾಕಿ ಪಟ್ಟಿಯನ್ನೊಮ್ಮೆ ನೋಡಿದ. ತನ್ನ ಕಣಕಾಲನ್ನೊಮ್ಮೆ ನೋಡಿಕೊಂಡ. ಎರಡಕ್ಕೂ ತಾಳೆ ಬಿತ್ತು.

“ಹಿಡೀರಿ ಅವನ್ನ!” ಎಂದು ಆಜ್ಞೆ ಮಾಡಿದ.

ಹಿಡಿಯುವ ಕಷ್ಟವನ್ನು ಜಾಲಿಗಿಡವೇ ತಪ್ಪಿಸಿತು. ಸೀಳು ಕಿರಿದಾದಲ್ಲಿ ದೋಣಿ ಮುಳ್ಳಿನ ಟೊಂಗೆಗೆ ಸಿಕ್ಕಿ, ಕಟ್ಟಿಹಾಕಿದ ಎಮ್ಮೆಯಂತೆ ಸುತ್ತತೊಡಗಿತು. ಸೊಂಟದ ಮಟ್ಟದ ನೀರಿಗೆ ಇಳಿದ ಹೆಂಗಸರು ದೋಣಿಯನ್ನು ದಂಡೆಗೆ ಎಳೆದರು. ಹಾಯಿ ಕೆಳಗಿಳಿಯಿತು. ಯಾರೋ ಕುಡಗೋಲು ತಂದರು. ಗಿರಾಕಿಗಳು ತಮ್ಮ ತಮ್ಮ ತುಂಡುಗಳನ್ನು ಗುರುತಿಸಿ ಕೊಯ್ದುಕೊಂಡರು. ಒಬ್ಬಳು ತನ್ನ ತುಂಡಿನೊಂದಿಗೆ ಪಕ್ಕದವಳ ತುಂಡಿನ ಎರಡು ಬೆರಳಗಲವನ್ನೂ ಸೇರಿಸಿ ಕೊಯ್ದಳೆಂದು ಬೇರೆಯೇ ಒಂದು ಜಗಳ ಹುಟ್ಟಿತು.

“ಕಳ್ಳ ಅದಿ ನೀ! ಮನಿಮುರುಕ ಕಳ್ಳ!” ಚಂದವ್ವ ಖಣವನ್ನು ಎದೆಗೆ ಒತ್ತಿಕೊಂಡು ಹೇಳಿದಳು. “ಹೊಟ್ಟೀಲೆ ಇದ್ದ ಹುಡುಗಿ ಖಣಕ್ಕ ಕೈ ಹಾಕ್ದಿ. ದೇವರು ನೋಡ್ಕೋತಾನ ನಿನ್ನ.”

ರೇವಣಪ್ಪ ಬರೀ ಕೋಲು ನಿಂತ ದೋಣಿಯ ಪಕ್ಕ ಕೆಸರಿನಲ್ಲಿ ಕುಳಿತಿದ್ದ.

ಆಗಲೇ ಅವನ ಹೆಂಡತಿ ಕಸ್ತೂರೆವ್ವ ರೊಟ್ಟಿಯ ಗಂಟು ಹಿಡಿದು ಬಂದಳು. ಗಂಡನನ್ನು ನೋಡಿದಳು, ಚಿಂದಿಯಾದ ಹಾಯಿಯನ್ನು ನೋಡಿದಳು. ಮೂರು ತಿಂಗಳಿಂದ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಮಾತು ಗಂಟು ಬಿಚ್ಚಿಕೊಂಡಿತು.

“ಒಂದ ದಿನ ಬಿಡಲಿಲ್ಲಲ್ಲ ನೀವು! ಒಂದ ದಿನ! ಇವರ ಕಣ್ಣು ಹೋಗಾಕತ್ತಾವು. ವಿಜಾಪುರದಾಗ ಇಬ್ಬರು ಡಾಕ್ಟರಿಗಿ ತೋರಿಸೇವಿ. ಬರೂ ಉಗಾದಿಗಿ ಪೂರಾ ಕತ್ತಲಾ ಆಕ್ಕೈತಿ ಅಂತ ಇಬ್ಬರೂ ಹೇಳ್ಯಾರ. ಅದರೊಳಗ ಒಮ್ಮಿ ನೀರಾಗ ಅಡ್ಡಾಡಿ ಕಣ್ತುಂಬ ನೋಡ್ತೇನಿ ಅಂದ್ರು. ನೋಡಾಕ ಬಿಡಲಿಲ್ಲ ನೀವು!”

“ಕಸ್ತೂರೀ, ಸುಮ್ಮನಿರ” ಎಂದ ರೇವಣಪ್ಪ. ತಡವಾಗಿತ್ತು.

ನೀರು ಜಾಲಿಯ ಬುಡಕ್ಕೆ ಬಡಿಯುವುದು ಕೇಳಿಸಿತು. ಶಮಶಾದಬಿ ಕೈಯಲ್ಲಿದ್ದ ನೀಲಿ ಗೀರಿನ ತುಂಡನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ ಬಂದು ಅವನ ತೊಡೆಯ ಮೇಲಿಟ್ಟಳು.

“ತಗೋ ಅಣ್ಣಾ. ಅವರಿದ್ದಿದ್ರೂ ಕೊಡತಿದ್ರು.”

ಹವಾಲ್ದಾರ ಖಾಕಿ ಪಟ್ಟಿಯನ್ನು ಅದರ ಮೇಲಿಟ್ಟು, ಮೂಗು ಸೀನುವ ನೆಪದಲ್ಲಿ ಅತ್ತ ತಿರುಗಿದ. ಕೊನೆಗೆ ಚಂದವ್ವನೂ ಬಂದಳು. ಅವಳ ಸಿಟ್ಟು ದೊಡ್ಡದಿದ್ದಂತೆ ಕರುಣೆಯೂ ದೊಡ್ಡದು.

“ಬರೀ ಅರಿವಿ ಕೊಟ್ರ ಏನಾತು?” ಎಂದಳು. “ಕೊಯ್ದವರು ನಾವು, ಹೊಲದು ಕೊಡೂದೂ ನಾವಽ. ಸೂಜಿ ತರ್ರೆ, ಎಲ್ಲಾರೂ!”

“ಬ್ಯಾಡ ಚಂದವ್ವಾ, ನಾ ಮನಿಗೊಯ್ದು ಮಷೀನ ಮ್ಯಾಲ—”

“ನೀ ಸುಮ್ಮ ಕುಂದ್ರು ಯಣ್ಣಾ. ಕಣ್ಣಿಗಿ ತ್ರಾಸ ಕೊಡಬ್ಯಾಡ.”

ಎಂಟು ಮಂದಿ ಹೆಂಗಸರು ಹೊಂಗೆಮರದ ಕೆಳಗೆ ಸುತ್ತುಗಟ್ಟಿ ಕುಳಿತರು. ಅವರಿಗೆ ಹಾಯಿ ಹೊಲಿದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೊದೆಯುವ ಕೌದಿ. ಹಾಗಾಗಿ ಕೌದಿಯನ್ನೇ ಹೊಲಿದರು. ಕೆಳಗೊಂದು ಹಳೆಯ ಸೀರೆ ಹಾಸಿದರು. ತೆಳುವಾಯಿತೆಂದು ಅದರ ಮೇಲೆ ಇನ್ನೊಂದು. ಗಟ್ಟಿ ಬರಲೆಂದು ನಡುವೆ ಹರಕು ಧೋತರ. ಎಲ್ಲಕ್ಕೂ ಮೇಲೆ ರೇವಣಪ್ಪನ ತುಂಡುಗಳು, ನಟ್ಟನಡುವೆ ಚಂದವ್ವನ ಖಣ. ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಗೆ ಬಿತ್ತು. ನಾಲ್ಕು ಮೂಲೆಗೂ ಕುಚ್ಚು ಬಂತು.

“ಹಾಯಿ ಅಂದ್ರ ತೆಳ್ಳಗ ಇರಬೇಕವ್ವಾ” ಎಂದು ರೇವಣಪ್ಪ ಎರಡು ಸಲ ಹೇಳಿ ನೋಡಿದ.

“ತೆಳ್ಳಗ ಮಾಡಿದ್ದು ಅರ್ಧಾ ತಾಸಿನ್ಯಾಗ ಕೊಯ್ದು ಹೋತು, ನೋಡಿದ್ಯಲ್ಲ” ಎಂದಳು ಶಮಶಾದಬಿ.

ಹೊತ್ತು ಪಡುವಣಕ್ಕೆ ವಾಲಿದಾಗ ಕೆಲಸ ಮುಗಿಯಿತು. ನಾಲ್ವರು ಸೇರಿ ಕೌದಿಯನ್ನು ಕೋಲಿಗೇರಿಸಿದರು. ಕೋಲು ನರಳಿತು. ಅಷ್ಟು ಮಂದಿ ಕಣ್ಣೀರು ಒರೆಸಿಕೊಳ್ಳುತ್ತ ನಿಂತಿರುವಾಗ ಬೇಡವೆನ್ನಲು ರೇವಣಪ್ಪನಿಗೆ ಬಾಯಿ ಬರಲಿಲ್ಲ. ಹತ್ತಿ ಕುಳಿತ. ಊರೇ ಸೇರಿ ದೋಣಿಯನ್ನು ಹಳ್ಳದ ಬಾಯಿಯವರೆಗೆ ನೂಕಿಕೊಂಡು ಹೋಗಿ, “ಆರಾಮ ನೋಡ್ಕೊಂಡು ಬಾ ಯಣ್ಣಾ!” ಎಂದು ಬಿಟ್ಟಿತು.

ಜಿಟಿಜಿಟಿ ಮಳೆ ಶುರುವಾದದ್ದು ಆಗಲೇ.

ಕೌದಿ ಮಳೆಯನ್ನು ಕುಡಿಯಿತು. ಎರಡು ಸೀರೆ, ಒಂದು ಧೋತರ, ಎಂಟು ವರ್ಷದ ತುಂಡುಗಳು ಎಲ್ಲವೂ ನಿಧಾನವಾಗಿ, ಸಾವಕಾಶವಾಗಿ, ಮದುವೆಗೆ ಬಂದ ಬೀಗರಂತೆ ಕುಡಿದವು. ಕೋಲು ಬಾಗಿತು. ದೋಣಿ ಒಂದು ಮಗ್ಗುಲಿಗೆ ಒರಗಿತು. ರೇವಣಪ್ಪ ಇನ್ನೊಂದು ಮಗ್ಗುಲಿಗೆ ಸರಿದ. ಗಾಳಿ ಒಮ್ಮೆ ಗುದ್ದಿತು. ಫಟ್ಟೆಂದು ಕೋಲು ಮುರಿದು, ಕೌದಿ ಅವನನ್ನು ತಲೆಯಿಂದ ಕಾಲಿನವರೆಗೆ ಸುತ್ತಿಕೊಂಡು ನೀರಿಗೆ ಬಿತ್ತು.

ದಂಡೆಯಲ್ಲಿ ಬೊಬ್ಬೆಯೆದ್ದಿತು. ಹವಾಲ್ದಾರ ಗಿಡ್ಡ ಪ್ಯಾಂಟಿನಲ್ಲೇ ನೀರಿಗಿಳಿದು, ಕೋಲು ಚಾಚಿ, ಕೌದಿಯ ಕುಚ್ಚು ಹಿಡಿದು ಎಳೆದ. ಅದರೊಳಗಿನಿಂದ ರೇವಣಪ್ಪ ಕೆಮ್ಮುತ್ತ ಹೊರಬಂದ. ಮಗುಚಿದ ದೋಣಿ ಹಳ್ಳದ ಬಾಯಿ ದಾಟಿ, ಕೃಷ್ಣೆಯ ಸೆಳವು ಹಿಡಿದು, ಒಂದೇ ಗಳಿಗೆಯಲ್ಲಿ ಕಾಣದಾಯಿತು. ಅದು ಕಾಣದಾದದ್ದು ಎಲ್ಲರಿಗೂ ಒಂದೇ ಸಲಕ್ಕೆ. ಅಷ್ಟರಮಟ್ಟಿಗೆ ರೇವಣಪ್ಪನ ಕಣ್ಣು ಅಂದು ಊರಿನವರ ಕಣ್ಣಿಗೆ ಸಮನಾಗಿತ್ತು.

“ದೋಣಿ ಹೋದ್ರ ಹೋಗ್ಲಿ, ಜೀವ ಉಳೀತು” ಎಂದರು ಎಲ್ಲರೂ. ಹಿಂಡಿದ ಕೌದಿಯನ್ನು ಅವನ ಹೆಗಲಿಗೇ ಸುತ್ತಿ, ಮೆರವಣಿಗೆಯಂತೆ ಮನೆಗೆ ಕರೆತಂದರು. ಯಾರೂ ಕಳ್ಳ ಎನ್ನಲಿಲ್ಲ. ಕಸ್ತೂರೆವ್ವ ಶುಂಠಿ ಹಾಕಿ ಚಹಾ ಕಾಯಿಸಿದಳು. ನಡುಗುತ್ತ ಕುಳಿತ ರೇವಣಪ್ಪನಿಗೆ, ಎಲ್ಲ ಹೋದರೂ ಊರಾದರೂ ತನ್ನ ಕಡೆಗಿದೆಯಲ್ಲ ಎಂದು ಎದೆ ಕೊಂಚ ಬೆಚ್ಚಗಾಯಿತು.

ಚಹಾ ಮುಗಿಸಿ ಚಂದವ್ವ ಎದ್ದಳು. ಪಡಸಾಲೆಯಿಂದ ಅಂಗಡಿಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಉಳಿದ ಇನ್ನೊಂದು ಖಣವಿತ್ತು.

“ಇದನ್ನ ಮನಗೂಳ್ಯಾಗ ಹೊಲಿಸ್ತೇನಿ ಯಣ್ಣಾ. ನನ್ನ ತಂಗಿ ಮನಿ ಬಾಜೂಕ ಒಬ್ಬ ಟೇಲರ್ ಅದಾನ.”

“ಯಾಕವ್ವಾ? ನಾ ಹೊಲಿತೇನಿ. ಇನ್ನೂ ಆರ ತಿಂಗಳು ಚಲೋ ಕಾಣ್ತಾವು ನನಗ.”

“ಬ್ಯಾಡ ಬ್ಯಾಡ. ನಮ್ಮ ಒಂದು ಕುಪ್ಪಸಕ್ಕ ನಿನ್ನ ಕಣ್ಣು ಸವೆಸಿದ ಪಾಪ ನಮಗ್ಯಾಕ?”

ಶಮಶಾದಬಿ ಮೊಮ್ಮಗಳ ಲಂಗದ ಬಟ್ಟೆ ತೆಗೆದುಕೊಂಡಳು. “ದುವಾ ಮಾಡ್ತೇನಿ ಅಣ್ಣಾ, ನಿನ್ನ ಕಣ್ಣಿಗಿ” ಎಂದು ಅವನ ತಲೆ ಮುಟ್ಟಿದಳು. ಒಬ್ಬೊಬ್ಬರೇ ಒಳಗೆ ಹೋಗಿ, ತಮ್ಮ ತಮ್ಮ ಗಂಟು ಹುಡುಕಿ ತೆಗೆದು, ಅವನ ಕೈ ಹಿಡಿದು, ಮರುಗಿ, ಹೊರಟರು. ಕೊನೆಯದಾಗಿ ಹವಾಲ್ದಾರ ತನ್ನ ಹೊಸ ಪ್ಯಾಂಟಿನ ಬಟ್ಟೆಯನ್ನು ಕಂಕುಳಲ್ಲಿ ಇರುಕಿಕೊಂಡ.

“ಇನ್ನ ಮ್ಯಾಲೆ ನಿನಗ ಆರಾಮ ರೇವಣಪ್ಪ” ಎಂದ. “ದಿನಾ ಮುಂಜಾನಿ ನಾನ ಕೈ ಹಿಡದು ಹೊಳಿ ದಂಡಿಗಿ ಕರಕೊಂಡು ಹೋಗ್ತೇನಿ.”

ಬಾಗಿಲು ಮುಚ್ಚಿದ ಮೇಲೆ ರೇವಣಪ್ಪ ಅಂಗಡಿಗೆ ಬಂದು ನಿಂತ. ಯಂತ್ರದ ಪಕ್ಕದ ಹಲಗೆ ಬರಿದಾಗಿತ್ತು, ಒಂದು ಚಿಂದಿಯೂ ಉಳಿದಿರಲಿಲ್ಲ. ಕಸ್ತೂರೆವ್ವ ಹಿಂದೆಯೇ ಬಂದು ಸೆರಗು ಬಾಯಿಗೆ ಒತ್ತಿಕೊಂಡಳು.

“ನಾ ಬಾಯಿ ಬಿಡಬಾರದಿತ್ತೇನ್ರಿ?”

ರೇವಣಪ್ಪ ಬರಿದಾದ ಹಲಗೆಯ ಮೇಲೆ ಕೈಯಾಡಿಸಿದ.

“ಕಳ್ಳ ಅನ್ನಾಕತ್ತಾಗ ಚಲೋ ಇತ್ತ ನೋಡು” ಎಂದ ಕಡೆಗೆ. “ಕಳ್ಳಗಾದ್ರ, ಎದುರಿಗಿ ಕಾವಲು ಕುಂತಾದ್ರೂ ಹೊಲಿಸ್ತಿದ್ರು.”