ನಾಲ್ಕನೆಯ ಹಪ್ಪಳ

"ನೋಡಿ ಅತ್ತಿಗೆ, ಡಿಸ್ಕ್ ಅಂದ್ರೆ ಏನು? ದುಂಡಗಿರಬೇಕು, ತೆಳ್ಳಗಿರಬೇಕು, ಅಷ್ಟೇ!"

ನಳಿನಾಕ್ಷಿ ಮಾಳಿಗೆಯಲ್ಲಿ ಒಣಹಾಕಿದ್ದ ಉದ್ದಿನ ಹಪ್ಪಳವೊಂದನ್ನು ಶೇಷಗಿರಿ ತನ್ನ ಹೊಸ ಯಂತ್ರದ ಬಾಯಿಗಿಟ್ಟ. ಯಂತ್ರ ಗುಂಯ್ ಎಂದಿತು.

ಮೈದುನನ ಯಂತ್ರಗಳೆಂದರೆ ಅವಳಿಗೆ ಎದೆ ಡವಡವ. ಆದರೆ ಇವತ್ತು ಬೇರೆ ದಾರಿಯಿರಲಿಲ್ಲ. ಮಗಳು ಪಾವನಿಯ ನರ್ಸಿಂಗ್ ಕಾಲೇಜಿನ ಅರ್ಜಿಗೆ ಸಂಜೆ ಐದೇ ಕೊನೆಯ ಗಳಿಗೆ. ಸೈಬರ್ ಅಂಗಡಿಗೆ ಬೀಗ. ಮನೆಗೆ ತಂದ ಹಳೆಯ ಕಂಪ್ಯೂಟರೋ, ಹಿಂದಿನ ಯಜಮಾನನ ಪಾಸ್‌ವರ್ಡ್ ಹೇಳದೆ ಒಳಗೆ ಬಿಡೆನೆಂದು ಹಟ ಹಿಡಿದಿತ್ತು. ಎಲ್ಲ ಅಳಿಸಿ ಮತ್ತೆ ತುಂಬೋಣವೆಂದರೆ ಮಾರಿದವನ ಬಳಿ ಮೂಲ ಡಿಸ್ಕುಗಳೇ ಇರಲಿಲ್ಲ.

"ಇದರ ಬಾಲ್ಯವನ್ನೆಲ್ಲ, ಅಂದ್ರೆ ಹೊಸದಾಗಿದ್ದಾಗ ಒಳಗಿದ್ದ ಮೂಲ ಮಾಹಿತೀನೆಲ್ಲ, ಐದು ಹಪ್ಪಳಕ್ಕೆ ಇಳಿಸಿದೀನಿ. ಈಗ ಕಂಪ್ಯೂಟರ್ ಪೂರ್ತಿ ಖಾಲಿ! ಒಂದೊಂದಾಗಿ ತಿನ್ನಿಸಿದರೆ ಹೊಸ ಹುಟ್ಟು!"

ಒಂದು, ಎರಡು, ಮೂರು. ಗಂಟೆ ನಾಲ್ಕೂವರೆ. "ನಾಲ್ಕನೆಯದನ್ನು ಹಾಕಿ" ಎಂದು ತೆರೆಯ ಮೇಲೆ ಮೂಡಿತು.

"ಚಿಕ್ಕಪ್ಪಾ, ತಟ್ಟೇಲಿ ಐದನೇದು ಮಾತ್ರ ಇದೆ!"

ಅಡುಗೆಮನೆಯಿಂದ ಕರುಂ ಎಂಬ ಸದ್ದು ಕೇಳಿತು. ಮೂವರೂ ಓಡಿದರು. ನಳಿನಾಕ್ಷಿಯ ಅತ್ತೆ ತುಂಗಮ್ಮ ಬಾಯೊರೆಸಿಕೊಳ್ಳುತ್ತಿದ್ದರು.

"ಕಾಫಿ ಜೊತೆಗೆ ಒಂದೇ ಒಂದು ಕರಕೊಂಡೆ ಕಣೇ. ಉಪ್ಪು ಸಾಲದು."

ಶೇಷಗಿರಿ ತಲೆ ಚಚ್ಚಿಕೊಂಡ. ಮರುಕ್ಷಣ ತಾಯಿಯನ್ನು ಎಳೆತಂದು ಕೂರಿಸಿ, ಅವರ ಬಳೆಗೆ ತಂತಿ ಸಿಕ್ಕಿಸಿದ.

"ಶಾಕ್ ಹೊಡೆಯುತ್ತೋ, ಮುಂಡೇದೇ!"

"ಅಲ್ಲಾಡಬೇಡಮ್ಮಾ! ಮಾಹಿತಿ ಈಗ ನಿನ್ನೊಳಗಿದೆ!"

ಕಂಪ್ಯೂಟರ್ ಒಮ್ಮೆ ತೇಗಿತು. ಐದನೆಯ ಹಪ್ಪಳವನ್ನೂ ನುಂಗಿ ಕಣ್ಣುಬಿಟ್ಟಿತು! ಪಾವನಿ ಬೆರಳು ಓಡಿಸಿ ಅರ್ಜಿ ತುಂಬಿ 'ಸಲ್ಲಿಸು' ಒತ್ತಿದಳು. ತೆರೆಯ ಮೇಲೆ ಅಕ್ಷರಗಳು ಮೂಡಿದವು: "ಅಷ್ಟು ದೂರ ಯಾಕೆ? ಹಾಸ್ಟೆಲ್ ಊಟ ತಿಂದು ಸೊರಗೋಕಾ?"

ವಾರದಿಂದ ತುಂಗಮ್ಮ ಆಡುತ್ತಿದ್ದ ಮಾತೇ ಅದು.

"ನಾನು ತುಟಿ ಬಿಚ್ಚಿಲ್ಲಪ್ಪ!" ಎಂದರು ಅವರು.

ನಾಲ್ಕು ಐವತ್ತಾರು. ಮತ್ತೆ ಒತ್ತಿದರೆ, "ಜ್ವರ ಬಂದರೆ ಹಣೆ ಮುಟ್ಟಿ ನೋಡೋರು ಯಾರು?"

ಪಾವನಿಯ ಕಣ್ಣು ತುಂಬಿತು. ನಳಿನಾಕ್ಷಿ ಕಂಪ್ಯೂಟರನ್ನು ಬಿಟ್ಟು ಅತ್ತೆಯ ಮುಂದೆ ಕುಳಿತು, ಅವರ ಕೈ ಹಿಡಿದಳು.

"ಅತ್ತೆ, ನಾಲ್ಕು ಜನರ ಹಣೆ ಮುಟ್ಟಿ ನೋಡೋದನ್ನ ಕಲಿಯೋಕೇ ಅವಳು ಹೊರಟಿರೋದು. ಮೊದಲು ಕಲಿಸಿದ್ದು ನೀವೇ ಅಲ್ವಾ?"

ತುಂಗಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. ನಾಲ್ಕು ಐವತ್ತೊಂಬತ್ತಕ್ಕೆ ತೆರೆಯ ಮೇಲೆ "ಹೂಂ, ಹೋಗಲಿ" ಎಂದು ಬಂತು. ಅರ್ಜಿ ಹೋಯಿತು!

ಅದರ ಬೆನ್ನಿಗೇ ಕಂಪ್ಯೂಟರ್ ಯಾರನ್ನೂ ಕೇಳದೆ ಕಾಲೇಜಿನ ಪ್ರಾಂಶುಪಾಲರಿಗೆ ಎರಡು ಪುಟದ ಕಾಗದವನ್ನೂ ಕಳಿಸಿಬಿಟ್ಟಿತು. ಮಗುವಿಗೆ ಬದನೆಕಾಯಿ ಆಗದು, ಒದ್ದೆ ತಲೆಯಲ್ಲಿ ಮಲಗಲು ಬಿಡಬಾರದು, ಗದರಿದರೆ ಊಟ ಬಿಡುತ್ತದೆ, ಇತ್ಯಾದಿ.

ನಳಿನಾಕ್ಷಿಗೆ ನಾಲ್ಕು ದಿನ ಅನ್ನ ಸೇರಲಿಲ್ಲ. ಐದನೆಯ ದಿನ ಉತ್ತರ ಬಂತು.

"ಸೀಟು ಖಚಿತವಾಗಿದೆ. ಬದನೆಕಾಯಿಯ ವಿಷಯ ಗಮನಿಸಲಾಗಿದೆ."