ನಾಣಯ್ಯನ ಹಿತ್ತಿಲ ಕೇರೆ

ಆ ಭಾನುವಾರದ ರಾಮಾಯಣಕ್ಕೆಲ್ಲ ಮೂಲ ಗೋಮತಿಯಮ್ಮನವರ ಹಲಸಿನ ಹಪ್ಪಳ. ಕಾಂಪೌಂಡ್ ಗೋಡೆಯ ಮೇಲೆ ಒಣಗಲು ಹಾಕಿದ್ದ ಹಪ್ಪಳವನ್ನು ಮಗುಚಲೆಂದು ಬೆಳಿಗ್ಗೆ ಬಂದವರಿಗೆ, ಪಕ್ಕದ ಮನೆಯ ನಾಣಯ್ಯನ ಹಿತ್ತಿಲಿನ ಕಲ್ಲುರಾಶಿಯೊಳಗೆ ಉದ್ದನೆಯ ಬಾಲವೊಂದು ನುಸುಳುವುದು ಕಂಡಿತು. ಹಪ್ಪಳ ಅಲ್ಲೇ ಬಿಟ್ಟು ಓಡಿದ ಅವರು, ಹಾವು ಹಿಡಿಯುವ ಸುನಿಲನಿಗೆ ಫೋನು ಮಾಡಿಯೇ ಉಸಿರು ಬಿಟ್ಟರು.

ನಾಣಯ್ಯನಿಗೆ ಆ ಬಾಲದ ಪರಿಚಯ ಚೆನ್ನಾಗಿಯೇ ಇತ್ತು. ಅದು ಕೇರೆ ಹಾವು. ಮೂರು ತಿಂಗಳಿಂದ ದಿನಾ ಎಳೆಬಿಸಿಲಿಗೆ ಕಲ್ಲಿನ ಮೇಲೆ ಬಂದು ಮೈಚಾಚುತ್ತಿತ್ತು, ಅವನು ಕಾಫಿ ಲೋಟ ಹಿಡಿದು ಎದುರಿಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಇಬ್ಬರಿಗೂ ಮಾತು ಬೇಕಿರಲಿಲ್ಲ.

ಹೆಂಡತಿ ಹೊನ್ನಮ್ಮನ ಮಂಡಿನೋವಿಗೆ ಆಸ್ಪತ್ರೆ ಹತ್ತಿರವಾಗಲೆಂದು ಅವನು ಚೇರಂಬಾಣೆ ಕಡೆಯ ತೋಟವನ್ನು ತಮ್ಮನಿಗೆ ಒಪ್ಪಿಸಿ ಮಡಿಕೇರಿಯ ಹೊರಗಿನ ಈ ಬಡಾವಣೆಗೆ ಬಂದಿದ್ದ. ಊರಿನಲ್ಲಿದ್ದಾಗ ಕಾಡುಪ್ರಾಣಿಗೂ ಅವನಿಗೂ ಎಣ್ಣೆ ಸೀಗೆಕಾಯಿ. ಹಂದಿ ಗೆಡ್ಡೆ ಅಗೆದರೆ ಪಟಾಕಿ, ಮಂಗ ಬಾಳೆಗೊನೆಗೆ ಕೈಹಾಕಿದರೆ ಕವಣೆ, ಆನೆಗಾದರೆ ಬಾಗಿಲು ಹಾಕಿಕೊಂಡು ಒಳಗಿನಿಂದ ಬೈಗುಳ. ಇಲ್ಲಿಗೆ ಬಂದಮೇಲೆ ಮನುಷ್ಯನೇ ಬದಲಾಗಿಬಿಟ್ಟ. ಪಿಕಳಾರ ಹಕ್ಕಿಗೆ ಪಪ್ಪಾಯಿ ಹೆಚ್ಚಿಟ್ಟ. ಅಳಿಲು ಒಣಹಾಕಿದ್ದ ಅವರೆಕಾಳು ಕದ್ದರೆ, ಪಾಪ, ತಿನ್ನಲಿ ಬಿಡು ಎಂದ. ನಲವತ್ತು ವರ್ಷದ ಸಂಸಾರದಲ್ಲಿ ತನಗೆ ಒಮ್ಮೆಯೂ ಈ ಮಾತು ಬಂದದ್ದಿಲ್ಲವೆಂದು ಹೊನ್ನಮ್ಮ ಗೊಣಗಿದಳು. ನಿಜ ಹೇಳಬೇಕೆಂದರೆ ನಾಣಯ್ಯನಿಗೆ ಈ ಸಿಮೆಂಟಿನ ನಡುವೆ ತುಂಬ ಬೇಸರವಾಗಿತ್ತು, ಕರೆಯದೆ ಬಂದ ನೆಂಟನೆಂದರೆ ಆ ಕೇರೆಯೊಂದೇ.

ಸುನಿಲ ಚೀಲ, ಕೊಕ್ಕೆ ಹಿಡಿದು ಗೇಟು ತೆಗೆದಾಗ ನಾಣಯ್ಯ ಕಲ್ಲುರಾಶಿಗೆ ಅಡ್ಡ ಬಂದು ನಿಂತ. ಹಿಡಿದರೆ ಕೇರೆಯನ್ನು ಯಾವ ಕಾಡಿಗೆ ಬಿಡುತ್ತಾನೋ. ಗೋಮತಿಯಮ್ಮನೂ ಅವರ ಯಜಮಾನರು ವೆಂಕಟಕೃಷ್ಣರೂ ಗೋಡೆಯಾಚೆ ನಿಂತಿದ್ದರು. ವೆಂಕಟಕೃಷ್ಣರು ನಿವೃತ್ತ ಮೇಷ್ಟ್ರು, ಅರ್ಚಕರ ಮನೆತನದವರು. ಅವರ ಹಣೆಯ ಗಂಧ ನೋಡುತ್ತಲೇ ನಾಣಯ್ಯನ ತಲೆಗೆ ಉಪಾಯವೊಂದು ಹೊಳೆಯಿತು.

"ಅದು ನಾಗರ. ಹೆಡೆ ಎತ್ತಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ. ಹಿಡಿಸೋದಾದ್ರೆ ಹಿಡಿಸಿ, ದೋಷ ಬಂದ್ರೆ ನನ್ನನ್ನ ಕೇಳ್ಬೇಡಿ" ಎಂದ.

ಮದ್ದು ನಾಟಿತು. ಗೋಮತಿಯಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು, ಕೊಕ್ಕೆ ಕೆಳಗಿಡುವಂತೆ ಸುನಿಲನಿಗೆ ಹೇಳಿದರು. ಅವನು ಒಮ್ಮೆ ನೋಡುತ್ತೇನೆಂದರೂ ಬಿಡಲಿಲ್ಲ. ನಾಣಯ್ಯ ಮೀಸೆಯಡಿ ನಕ್ಕು ಒಳಗೆ ಹೋದ.

ನಗು ಅರ್ಧ ಗಂಟೆಯೂ ಬಾಳಲಿಲ್ಲ. ವೆಂಕಟಕೃಷ್ಣರು ಮಡಿಯುಟ್ಟು ಹಾಲು, ಅರಿಶಿನ, ಅಡಿಕೆಯ ಹಿಂಗಾರ ಹಿಡಿದು ಬಂದರು. ಅವರ ಹಿಂದೆ ಬಡಾವಣೆಯ ಅರ್ಧ ಹೆಂಗಸರು. ಹಿತ್ತಿಲಿಗೆ ಚಪ್ಪಲಿ ಹಾಕಿ ಬರಬಾರದೆಂದಾಯಿತು. ಪಾತ್ರೆ ತೊಳೆದ ನೀರು ಆ ಕಡೆ ಹರಿಯಬಾರದೆಂದಾಯಿತು. ಬಟ್ಟೆ ಒಣಹಾಕುವ ತಂತಿಯನ್ನು ಯಾರೋ ಬಿಚ್ಚಿಯೇಬಿಟ್ಟರು. ಕಲ್ಲಿನ ಮೇಲೆ ಹಾಲು ಎರೆದು, ಅಗರಬತ್ತಿಯ ಕಟ್ಟನ್ನೇ ಹಚ್ಚಿಟ್ಟರು. ನಾಣಯ್ಯ ತನ್ನ ಹಿತ್ತಿಲಿನಲ್ಲಿ ತಾನೇ ಬರಿಗಾಲಲ್ಲಿ ಮೂಲೆಗೆ ನಿಂತ.

ಅಷ್ಟರಲ್ಲಿ ಊರಿನಿಂದ ಹೊನ್ನಮ್ಮನ ತಮ್ಮ ದೇರಪ್ಪ ಬಂದ. ಕೈಚೀಲದಲ್ಲಿ ನಾಲ್ಕು ಕಿಲೋ ಹಂದಿ ಮಾಂಸ, ಜೇಬಿನಲ್ಲಿ ಅದಕ್ಕೆ ಹುಳಿ ಹಿಂಡಲು ಕಾಚಂಪುಳಿಯ ಬಾಟಲಿ. ಚೀಲವನ್ನು ಕಂಡ ಗೋಮತಿಯಮ್ಮ ಗೇಟಿನಲ್ಲೇ ಅಡ್ಡ ನಿಂತರು. ನಾಗನ ಸಾನ್ನಿಧ್ಯ ಇರುವಲ್ಲಿ ಮಾಂಸದ ಹೊಗೆ ಏಳಬಾರದು, ಇವತ್ತೊಂದೇ ದಿನವಲ್ಲ, ಇನ್ನು ಈ ಕಾಂಪೌಂಡಿನೊಳಗೆ ಎಂದೂ ಕೂಡದು ಎಂದರು. ದೇರಪ್ಪ ಭಾವನ ಮುಖ ನೋಡಿದ. ಭಾವ ಆಕಾಶ ನೋಡಿದ.

ಹೊನ್ನಮ್ಮ ಗಂಡನನ್ನು ಅಡಿಗೆಮನೆಯ ಬಾಗಿಲಿಗೆ ಕರೆದು ಮೆಲ್ಲಗೆ ಹೇಳಿದಳು: "ಅಲ್ಲಿ ಹಾವು ಉಂಟು, ಇಲ್ಲಿ ಹಂದಿ ಉಂಟು. ಯಾವ್ದ್ ಬೇಕುಂತ ನೀವೇ ಹೇಳಿ."

ಹಂದಿಯಿಲ್ಲದ ಭಾನುವಾರವನ್ನು ನಾಣಯ್ಯ ಹೇಗೋ ನುಂಗಿಕೊಳ್ಳುತ್ತಿದ್ದ. ಎಂದೆಂದಿಗೂ ಎಂದರೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಹೊಗೆ, ಈ ಗಲಾಟೆಯಲ್ಲಿ ಪಾಪದ ಕೇರೆ ಒಳಗೆ ಎಷ್ಟು ಒದ್ದಾಡುತ್ತಿದೆಯೋ ಎಂದು ಸಂಕಟವಾಯಿತು. ಅವನು ಎಲ್ಲರ ನಡುವೆ ಬಂದು ಕೈಮುಗಿದ.

"ನಾನು ಸುಳ್ಳು ಹೇಳ್ದೆ. ಅದು ನಾಗರ ಅಲ್ಲ, ಕೇರೆ. ಹಿಡಿಸಿಬಿಡ್ತೀರಿ ಅಂತ ಹೆದರಿ ಹಾಗಂದೆ. ನಂಗೆ ಅದು ಬೇಕು."

ಅದೇ ಹೊತ್ತಿಗೆ ಹೊಗೆ ತಡೆಯಲಾರದೆ ಕೇರೆ ಹೊರಬಿತ್ತು. ಯಾರ ಕಡೆಗೂ ನೋಡದೆ ಗೋಡೆ ಏರಿ, ಹಪ್ಪಳಗಳ ಮೇಲೆಯೇ ಹಾದು ವೆಂಕಟಕೃಷ್ಣರ ಹಿತ್ತಿಲಿಗೆ ಇಳಿಯಿತು. ಕೇರೆಯೇ ಸರಿ, ಬೇಕಾದರೆ ಈಗಲೇ ಹಿಡಿಯುತ್ತೇನೆಂದು, ಇನ್ನೂ ಅಲ್ಲೇ ನಿಂತಿದ್ದ ಸುನಿಲ ಕೊಕ್ಕೆ ಎತ್ತಿದ. ಗೋಮತಿಯಮ್ಮ ಅವನ ಕೈ ತಡೆದರು.

"ಕೇರೆ ಅಂದ್ರೆ ನಾಗರದ ಗಂಡ ತಾನೇ? ನಾಣಯ್ಯನವರು ಹೆಡೆ ಕಂಡಿದ್ದು ಹೆಂಡತಿದು. ಈಗ ಗಂಡ ನಮ್ಮನೆಗೆ ಹೋದ ಅಂದ್ಮೇಲೆ ಹೆಂಡತಿ ನಮ್ಮಲ್ಲೇ ಇದ್ದಾಳೆ."

ಹೆಡೆ ಕಂಡೇ ಇಲ್ಲವೆಂದು ನಾಣಯ್ಯ ಆಣೆ ಹಾಕಲು ಹೊರಟ. ಮನೆಯಲ್ಲಿ ಹಂದಿ ಬೇಯಬೇಕೆಂದು ದೇವರನ್ನೇ ಇಲ್ಲ ಅನ್ನಬೇಡಿ ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿದರು. ಕೇರೆಯಲ್ಲೂ ಗಂಡು ಹೆಣ್ಣು ಎರಡೂ ಇರುತ್ತವಮ್ಮಾ ಎಂದು ಸುನಿಲ ತಿಳಿಹೇಳಲು ನೋಡಿದ. ನಿನಗೆ ಹಾವು ಹಿಡಿಯುವುದು ಗೊತ್ತು, ಇನ್ನೂ ಮದುವೆಯಾಗಿಲ್ಲ, ಸಂಸಾರದ ವಿಷಯ ಏನು ಗೊತ್ತು ಎಂದು ಗೋಮತಿಯಮ್ಮ ಅವನ ಬಾಯಿ ಮುಚ್ಚಿಸಿದರು. ಹಾಲು, ಹಿಂಗಾರ, ಹೆಂಗಸರು ಎಲ್ಲವೂ ಗೋಡೆಯಾಚೆಗೆ ಹೋದವು.

ಹೊನ್ನಮ್ಮ ಗೆದ್ದವಳಂತೆ ಒಲೆ ಹಚ್ಚಿದಳು. ನಾಣಯ್ಯ ಖಾಲಿ ಕಲ್ಲುರಾಶಿಯ ಮುಂದೆ ಕೂತ. ಎರಡು ಗಂಟೆಗೆ ಹಂದಿ ಬೆಂದು ಘಮಘಮಿಸಿತು. ದೇರಪ್ಪ ತಟ್ಟೆ ಇಟ್ಟು ಕರೆಯುವುದಕ್ಕೂ, ಗೋಡೆಯ ಮೇಲೆ ವೆಂಕಟಕೃಷ್ಣರ ತಲೆ ಕಾಣುವುದಕ್ಕೂ ಸರಿಹೋಯಿತು.

"ನಾಣಯ್ಯನವರೇ, ನಿಮ್ಮ ಸ್ನೇಹಿತ ನಮ್ಮ ಒಗೆಯೋ ಕಲ್ಲಿನ ಮೇಲೆ ಬಿಸಿಲು ಕಾಯಿಸ್ತಾ ಇದ್ದಾನೆ. ಬೇಗ ಬನ್ನಿ."

ನಾಣಯ್ಯ ತಟ್ಟೆ ಬಿಟ್ಟು ಓಡಿದ. ಆ ಮನೆಯ ಮೆಟ್ಟಿಲಲ್ಲಿ ಗೋಮತಿಯಮ್ಮ, ಊಟ ಆಯಿತೇ ಎಂದು ಕೇಳಿದರು. ಆಗಿಲ್ಲವೆಂದ. ಆ ದಿನ ಅವನಾಡಿದ ಎರಡನೆಯ ನಿಜ ಅದು.

ಒಳ್ಳೆಯದೇ ಆಯಿತೆಂದು ಅವರು ಅವನನ್ನು ಒಳಗೆ ಕೂರಿಸಿ ಎಲೆ ಹಾಕಿದರು. ಮೊದಲು ದರ್ಶನ ಪಡೆದವನು ಅವನೇ, ಆದ್ದರಿಂದ ಪೂಜೆಯ ಸಂಕಲ್ಪಕ್ಕೆ ಅವನೇ ಕೂರಬೇಕು, ಇವತ್ತಿನಿಂದ ನಲವತ್ತೆಂಟು ದಿನ ಸಾತ್ವಿಕ ಊಟ ಎಂದು ಹೇಳುತ್ತ ಪಾಯಸ ಬಡಿಸಿದರು. ಕಿಟಕಿಯಲ್ಲಿ ಕಾಚಂಪುಳಿಯ ವಾಸನೆ ತೇಲಿಬಂತು. ನಾಣಯ್ಯ ಕಣ್ಣುಮುಚ್ಚಿ ಪಾಯಸ ಕುಡಿದ. ಬೇಡವೆಂದರೂ ಅವರು ಇನ್ನೊಂದು ಸೌಟು ಹಾಕಿದರು, ಪ್ರೀತಿಯಿಂದಲೇ.

ಕೈತೊಳೆದು ಹಿತ್ತಿಲಿಗೆ ಬರುವಷ್ಟರಲ್ಲಿ ಬಿಸಿಲು ಸರಿದಿತ್ತು. ಒಗೆಯುವ ಕಲ್ಲು ಖಾಲಿ.

"ಹೆಂಡತಿ ಕರೆದಿರ್ಬೇಕು" ಎಂದರು ಮೇಷ್ಟ್ರು. "ಕರೆದ್ರೆ ಹೋಗ್ದೆ ಇರೋಕಾಗುತ್ತಾ?"