ಅಣ್ಣನ ನೆಲದ ಮೇಲೆ ಹಾಸಿದ ಹಲಗೆ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ನೆಲವನ್ನು. ಮನೆಯವರ ಮುಖ ಆಮೇಲೆ. ಈ ಕೆಟ್ಟ ಚಾಳಿ ಅಂಟಿಕೊಂಡದ್ದು ಮಗಳ ನಿಶ್ಚಿತಾರ್ಥದ ಹೊತ್ತಿಗೆ. ಇಂದಿರಾನಗರದ ಬೀಗರ ಮನೆಯಲ್ಲಿ ಮರದ ನೆಲ ಕಂಡು ಬಂದವನಿಗೆ ಕೆ.ಆರ್. ಪುರದ ನಮ್ಮ ಹಜಾರದ ರೆಡ್ ಆಕ್ಸೈಡ್ ನೆಲ ಯಾಕೋ ನಾಚಿಕೆ ತರಿಸಿತು. ಅದನ್ನು ಹಾಕಿದವನು ನನ್ನ ಅಣ್ಣ ಮುನಿರಾಜು. ಗಾರೆ ಕೆಲಸದವನು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಫೀಸಿಗೆ ಹೋಗಿಬರುತ್ತಿದ್ದ ಆ ದಿನಗಳಲ್ಲೆಲ್ಲ ಅವನು ಮಂಡಿಯೂರಿ ಆ ನೆಲ ಉಜ್ಜಿದ್ದ. ಅದರ ಮೇಲೆಯೇ ಲ್ಯಾಮಿನೇಟ್ ಹಲಗೆ ಹಾಸಿಸಿಬಿಟ್ಟೆ. ಅಡುಗೆಮನೆಗೆ ಟೈಲ್ಸೂ ಬಂತು.

ನಿಶ್ಚಿತಾರ್ಥದ ದಿನ ಅಣ್ಣ ಹೊಸ್ತಿಲಲ್ಲಿ ನಿಂತು, ಕಾಲಿನ ಹೆಬ್ಬೆರಳಿನಿಂದ ಹಲಗೆಯನ್ನು ಒಮ್ಮೆ ಒತ್ತಿ ನೋಡಿದ.

"ಚೆನ್ನಾಗೈತೆ ಬಿಡೋ," ಎಂದ.

"ಬೀಗರು ಬರ್ತಾರಲ್ಲಣ್ಣ, ಸ್ವಲ್ಪ ನೀಟಾಗಿರ್ಲಿ ಅಂತ."

"ಕೆಳಗಿಂದು ಕಿತ್ತಾಕಿಸ್ದ್ಯಾ?"

"ಇಲ್ಲ, ಹಂಗೇ ಐತೆ."

"ಸರಿ," ಎಂದು ಊಟಕ್ಕೆ ಕೂತ. ಆಮೇಲೆ ಅವನು ನಮ್ಮ ಮನೆಗೆ ಬರಲಿಲ್ಲ. ಫೋನ್ ಮಾಡಿದರೆ ಮಂಡಿ ನೋವು ಅನ್ನುತ್ತಿದ್ದ. ಅದನ್ನು ನಂಬುವುದು ನನಗೂ ಅನುಕೂಲವಾಗಿತ್ತು. ಮರುವರ್ಷ ಹೃದಯಾಘಾತವಾಗಿ ಹೋಗಿಬಿಟ್ಟ.

ಕಳೆದ ಮಳೆಗಾಲ ರಾಜಕಾಲುವೆ ಉಕ್ಕಿ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತು. ಎರಡು ದಿನ ಮೇಲಿನ ಮಹಡಿಯವರ ಮನೆಯಲ್ಲಿದ್ದೆವು. ಇಳಿದು ಬಂದರೆ ಲ್ಯಾಮಿನೇಟ್ ಹಪ್ಪಳದಂತೆ ಉಬ್ಬಿ ಬಾಗಿಲನ್ನೇ ತೆರೆಯಗೊಡಲಿಲ್ಲ. ಟೈಲ್ಸ್ ನನ್ನ ಹಾಗೆಯೇ: ಮೇಲೆ ಫಳಫಳ, ತುಳಿದರೆ ಟೊಳ್ಳು, ಸಂದಿನಲ್ಲೆಲ್ಲ ಕೆಸರು. ರಿಪೇರಿಗೆ ಬಂದ ಸೆಲ್ವಂ ಮೇಸ್ತ್ರಿ ಹಲಗೆಗಳನ್ನು ಕಿತ್ತು ಹೊರಗೆಸೆದು, ಕೆಸರು ತೊಳೆದ. ಅಣ್ಣನ ನೆಲ ಕಂಡಿತು. ಅಲ್ಲಲ್ಲಿ ಬಿಳಿಚಿಕೊಂಡಿತ್ತು, ಅಷ್ಟೆ, ಒಂದು ಬಿರುಕಿಲ್ಲ. ಬಾಗಿಲ ಬಳಿ ಮಾತ್ರ ಆರು ತೂತು. ಹಲಗೆಯ ಅಂಚಿಗೆ ಪಟ್ಟಿ ಬಿಗಿಯಲು ನಾನೇ ಮುಂದೆ ನಿಂತು ಕೊರೆಸಿದ್ದು. ಆ ಒದ್ದೆ ನೆಲದ ಮೇಲೆಯೇ ಕೂತುಬಿಟ್ಟೆ.

"ಒಣಗಿದ್ಮೇಲೆ ಎಣ್ಣೆ ಹಾಕಿ ಉಜ್ಜಿ ಸಾರ್, ಹೊಳಪು ಬರತ್ತೆ," ಎಂದ ಸೆಲ್ವಂ. "ತೂತು ಮಾತ್ರ ನಾನು ಮುಚ್ಚಿದ್ರೆ ತೇಪೆ ಥರ ಕಾಣತ್ತೆ. ನೆಲ ಹಾಕಿದೋರನ್ನೇ ಕರ್ಸಿ. ಒಳ್ಳೆ ಕೈ ಅವ್ರದು."

"ನಮ್ಮಣ್ಣ ಹಾಕಿದ್ದು. ಈಗಿಲ್ಲ."

ಸೆಲ್ವಂ ತೂತುಗಳ ಮೇಲೆ ಬೆರಳಾಡಿಸಿದ. "ಇಂಥ ನೆಲಕ್ಕೆ ಡ್ರಿಲ್ ಹೊಡ್ಸಿದ್ದು ಯಾರು ಸಾರ್?"

"ಹಿಂದೆ ಇದ್ದ ಬಾಡಿಗೆಯವರು," ಎಂದೆ.

"ಬುದ್ಧಿ ಇಲ್ದೋರು," ಎಂದ ಅವನು.

ಹೌದೆಂದು ತಲೆಯಾಡಿಸಿದೆ.